ಸ್ಟೂಲು ಇಲ್ಲದ ಅಂಗಡಿ

ಬೆಳಗ್ಗೆ ಅಕ್ಕ ಹೊಸ್ತಿಲ ಬಳಿ ಕೂತು ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಹೆಣಗುತ್ತಿದ್ದಳು. ಪಾದ ಬಾತುಕೊಂಡಿತ್ತು, ಪಟ್ಟಿ ಕೊಂಡಿಗೆ ಎಟುಕುತ್ತಿರಲಿಲ್ಲ. ಕಂಡವರ ಕಾಲಿಗೆಲ್ಲ ಅಳತೆ ನೋಡಿ ಚಪ್ಪಲಿ ತೊಡಿಸುವ ಅಂಗಡಿಯಲ್ಲಿ ಅವಳಿಗೆ ಕೆಲಸ.

"ಡಾಕ್ಟರ್ ಹತ್ರ ಹೋಗು ಅಂತ ಎಷ್ಟು ಸಲ ಬಡ್ಕೊಳ್ಳೋದು?" ಎಂದಳು ತಂಗಿ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. ಅವಳು ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಸಂಶೋಧಕಿ. ಮರುದಿನ ಅಂಗಡಿ ಮಾಲೀಕರ ಸಭೆಯಲ್ಲಿ ಅವಳ ಭಾಷಣವಿತ್ತು.

"ಹೋಗಿದ್ದೆ. ನಿಂತೇ ಇರಬೇಡಿ ಅಂದ್ರು. ಏನ್ಮಾಡ್ಲಿ? ಅಂಗಡೀಲಿ ನಮ್ಮ ಸ್ಟೂಲುಗಳನ್ನೆಲ್ಲ ಮಾಲೀಕ್ರು ಎತ್ತಿಬಿಟ್ಟಿದಾರೆ."

"ಯಾಕಂತೆ?"

ಅಕ್ಕ ಮೊಬೈಲು ಮುಂದೆ ಹಿಡಿದಳು. ಅಂಗಡಿಯ ಗೋಡೆಗೆ ಅಂಟಿಸಿದ ಪತ್ರಿಕೆಯ ತುಣುಕಿನ ಫೋಟೊ. 'ಸಿಬ್ಬಂದಿ ನಿಂತರೆ ಮಾರಾಟ ಹೆಚ್ಚು'. ಕೆಳಗೆ ತಂಗಿಯದೇ ನಗುಮುಖ. ಇದ್ದ ಸ್ಟೂಲನ್ನು ಕಿತ್ತುಕೊಳ್ಳುವುದಕ್ಕೆ ಇನ್ನೋವೇಶನ್ ಎಂದು ಹೆಸರಿಟ್ಟು ಮಾಲೀಕ ಬೀಗುತ್ತಿದ್ದನಂತೆ!

"ನಾನು ಅಳೆದದ್ದನ್ನ ಬರೆದೆ ಅಕ್ಕಾ. ಕೂತಿರೋರನ್ನ ಕಂಡ್ರೆ ಗಿರಾಕಿ ವಾಪಸ್ ಹೋಗ್ತಾರೆ, ಅದು ಸುಳ್ಳಲ್ಲ. ಸ್ಟೂಲು ತೆಗೀರಿ ಅಂತ ನಾನೆಲ್ಲೂ ಹೇಳಿಲ್ಲ. ಅಂಗಡಿ ಓಡದಿದ್ರೆ ನಿಮ್ಮ ಕೆಲಸ ಉಳಿಯುತ್ತಾ?"

"ಕಾಲು ನೋಯುತ್ತಾ ಅಂತ ಯಾರನ್ನಾದ್ರೂ ಕೇಳಿದ್ಯಾ?"

"ಅದು ನನ್ನ ಸಂಶೋಧನೆಯ ಪ್ರಶ್ನೆ ಅಲ್ಲ."

"ಅಲ್ಲ ಬಿಡು. ಸಂಶೋಧನೆಗೆ ಅಂತ ಬೆಳಗ್ಗಿಂದ ಸಂಜೆ ತನಕ ಅಂಗಡೀಲಿ ಇದ್ದು ನೋಡಿದ್ಯಲ್ಲ, ನೀನೆಲ್ಲಿ ನಿಂತಿದ್ದೆ?"

ತಂಗಿ ಲ್ಯಾಪ್‌ಟಾಪು ಮುಚ್ಚಿದಳು. "ನಂಗೆ ಕುರ್ಚಿ ಹಾಕ್ಕೊಟ್ಟಿದ್ರು."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಕೂತ್ಕೊಂಡು ನಮ್ಮನ್ನ ನಿಲ್ಲಿಸಿದ್ಯಲ್ಲೇ!" ಎಂದವಳೇ ಪಟ್ಟಿ ಹಾಕದ ಚಪ್ಪಲಿ ಎಳೆಯುತ್ತ ಹೊರಟುಹೋದಳು.

ಮೊದಲು ತಂಗಿಗೂ ಅಕ್ಕನ ಮೇಲೇ ಸಿಟ್ಟು ಬಂತು. ತನ್ನ ಲೇಖನವನ್ನು ಮತ್ತೆ ತೆರೆದು ಕೊನೆಯವರೆಗೂ ಓದಿದಳು. ಗಿರಾಕಿಯ ಕಣ್ಣು ಎತ್ತ ಹೊರಳಿತೆಂಬುದಕ್ಕೆ ಚಿತ್ರಗಳಿದ್ದವು. ನಿಂತವರಿಗೆ ಕಾಲಿದೆ ಎಂಬ ಸುಳಿವು ಒಂದು ಸಾಲಿನಲ್ಲೂ ಇರಲಿಲ್ಲ. ಅಕ್ಕನ ಮೇಲಿನ ಸಿಟ್ಟು ಆಗ ತನ್ನ ಕಡೆಗೇ ತಿರುಗಿತು.

ಮರುದಿನ ಅವಳು ಬೇಗನೆ ಹೋಗಿ, ಸಭಾಂಗಣದ ಕುರ್ಚಿಗಳನ್ನೆಲ್ಲ ಹೊರಗೆ ಹಾಕಿಸಿದಳು. ಮಾಲೀಕರು ಬಂದು ಕಕ್ಕಾಬಿಕ್ಕಿಯಾದರು.

"ನಿಂತ್ರೆ ಮಾರಾಟ ಹೆಚ್ಚು ಅಂತ ನೀವೆಲ್ಲ ಒಪ್ಪಿದೀರಲ್ಲ, ನಿಂತು ಕೇಳಿದ್ರೆ ಗಮನವೂ ಹೆಚ್ಚು," ಎಂದಳು.

"ಭಲೇ, ಇದಪ್ಪಾ ಇನ್ನೋವೇಶನ್!" ಎಂದು ಅಕ್ಕನ ಅಂಗಡಿಯ ಮಾಲೀಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಅವಳು ನಿಂತುಕೊಂಡೇ, ಅವಸರವಿಲ್ಲದೆ ಮಾತಾಡಿದಳು. ಹೇಳಿದ್ದನ್ನೇ ಬೇಕೆಂದೇ ಮತ್ತೆ ಹೇಳಿದಳು. ಚಪ್ಪಾಳೆ ನಿಂತಿತು. ಒಬ್ಬರು ಗೋಡೆಗೆ ಒರಗಿದರು, ಇನ್ನೊಬ್ಬರು ಶೂ ಕಳಚಿದರು. ಗಡಿಯಾರ ನೋಡದವರೇ ಇರಲಿಲ್ಲ. ಕೊನೆಗೆ ಆ ಮಾಲೀಕನೇ ಬಾಯಿಬಿಟ್ಟ.

"ಮೇಡಂ, ಸಾಕು ತಮಾಷೆ. ಕುರ್ಚಿ ತರಿಸಿ, ಕಾಲು ಸೇದ್ತಾ ಇದೆ."

"ಕಾಲಿನ ವಿಷಯ ನಾನು ಬರೆದೇ ಇರಲಿಲ್ಲ ಸಾರ್. ತಪ್ಪು ನಂದೇ. ಆ ಲೇಖನ ಅರ್ಧ ಸತ್ಯ ಅಂತ ಇವತ್ತೇ ಪತ್ರಿಕೆಗೆ ಬರೀತೀನಿ," ಎಂದಳು ತಂಗಿ. "ಕುರ್ಚಿಗಳು ಬಾಗಿಲ ಹೊರಗೇ ಇವೆ. ಮೊದಲು ನಿಮ್ಮ ಅಂಗಡಿಗೆ ಫೋನ್ ಮಾಡಿ, ಸ್ಟೂಲುಗಳನ್ನ ವಾಪಸ್ ಇಡಿಸಿ."

ನಿಂತಿದ್ದವರೆಲ್ಲ ಅವನತ್ತ ತಿರುಗಿದರು. "ಮಾಡ್ರೀ ಬೇಗ!" ಎಂದು ಹಿಂದಿನಿಂದ ಯಾರೋ ರೇಗಿದರು. ಮಾಲೀಕ ಜೇಬಿಗೆ ಕೈಹಾಕಿದ.