ಎಲೈಜಾಳ ಮಾಫಿ

ವಲೇರಿಯನ್ ಮೊಂತೇರೊ ದೋಹಾದಲ್ಲಿ ಮಾಡುತ್ತಿದ್ದ ಕೆಲಸ ಎಂಥದು ಎಂದು ಊರಿನವರಿಗೆ ಕೊನೆಗೂ ತಿಳಿಯಲಿಲ್ಲ. ಟಿವಿ ಕಂಪನಿಯಲ್ಲಿ ಎಂದರೆ ಶಿರ್ವದ ಜನ ಅವನನ್ನು ವಾರ್ತೆ ಓದುವವನೋ ಕ್ಯಾಮೆರಾ ಹಿಡಿಯುವವನೋ ಎಂದುಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ಅವನದು ಮುತ್ತು ಹೆಕ್ಕುವ ಕೆಲಸ. ಹಿಂದೆ ಅಲ್ಲಿಯ ಸಮುದ್ರದಲ್ಲಿ ಉಸಿರು ಕಟ್ಟಿ ಮುಳುಗಿ ತೆಗೆಯುತ್ತಿದ್ದ ಮುತ್ತಲ್ಲ. ಇಂಗ್ಲಿಷ್ ಸಿನಿಮಾಗಳಲ್ಲಿ ಗಂಡಸು ಹೆಂಗಸು ಕೊಟ್ಟುಕೊಳ್ಳುತ್ತಾರಲ್ಲ, ಆ ಮುತ್ತು.

ದೋಹಾದ ಮುಶೈರಿಬ್ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ಏಸಿ ಗುಡುಗುವ ಒಂದು ಕೋಣೆ, ಅದರಲ್ಲಿ ಎರಡು ಟೇಪು ಮಷೀನು. ಎಡಗಡೆಯದರಲ್ಲಿ ಹೊರದೇಶದಿಂದ ಬಂದ ಸಿನಿಮಾ ಓಡುತ್ತದೆ, ಬಲಗಡೆಯದು ಅದನ್ನು ಪ್ರತಿ ಮಾಡಿಕೊಳ್ಳುತ್ತದೆ. ಮುತ್ತು ಬಂತೋ, ಬಲಗಡೆಯದನ್ನು ನಿಲ್ಲಿಸಬೇಕು. ಮುಗಿದ ಮೇಲೆ ಮತ್ತೆ ಚಾಲು ಮಾಡಬೇಕು. ಸಾರಾಯಿ ಗ್ಲಾಸು, ಶಿಲುಬೆ, ತೋಳು ತೆರೆದ ರಾತ್ರಿಯುಡುಪು ಎಲ್ಲಕ್ಕೂ ಕಂಪನಿಯಲ್ಲಿ ಇದೇ ಮರ್ಯಾದೆ. ಯಾವುದು ಹೋಗಬೇಕೆಂದು ಹೇಳುವವರು ಮೇಲ್ವಿಚಾರಕ ಉಸ್ತಾದ್ ಬಶೀರ್, ಸುಡಾನಿನವರು, ಮೆತ್ತನೆಯ ಮನುಷ್ಯ. ಹೇಳಿದ್ದನ್ನು ಮಾಡುವವನು ವಲೇರಿಯನ್. ಈ ಕೆಲಸದಲ್ಲಿ ತಲೆ ನೆರೆತು, ಸಿನಿಮಾದ ಕಥೆ ಅವನ ತಲೆಗೇ ಹೋಗುತ್ತಿರಲಿಲ್ಲ. ಗಂಡಸೊಬ್ಬ ಹೆಂಗಸಿನ ಕಡೆ ಕತ್ತು ವಾಲಿಸಿದರೆ ಸಾಕು, ಬೆರಳು ತಾನಾಗಿ ಗುಂಡಿಯ ಮೇಲೆ ಹೋಗುತ್ತಿತ್ತು.

ಇಂಥವನ ಮಗಳು ಸಿನಿಮಾ ನಟಿ. ದೇವರಿಗೆ ತಮಾಷೆ ಗೊತ್ತಿಲ್ಲ ಎಂದು ಯಾರು ಹೇಳಿದ್ದು?

ಎಲೈಜಾ ಅವನ ಒಬ್ಬಳೇ ಮಗಳು. ಪಿಯುಸಿ ಮುಗಿಸಿ, ಕೆನಡಾದ ಟೊರಾಂಟೊದಲ್ಲಿದ್ದ ಚಿಕ್ಕಮ್ಮನ ಮನೆಗೆ ನರ್ಸಿಂಗ್ ಓದಲೆಂದು ಹೋದವಳು. ಅದು ಅವಳಮ್ಮ ಸೆವ್ರಿನ್‌ಳ ಜೀವಮಾನದ ಆಸೆ. ಸೆವ್ರಿನ್ ಊರಿನ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ಬಿಳಿ ಟೊಪ್ಪಿಯವರು ಕರೆದಲ್ಲಿಗೆಲ್ಲ ಓಡಿ ಓಡಿ ಕಾಲು ಸವೆಸಿದವಳು. ಆ ಟೊಪ್ಪಿ ಮಗಳ ತಲೆಯ ಮೇಲೆ ಕೂರಬೇಕಿತ್ತು. ಎಲೈಜಾ ಎರಡನೇ ವರ್ಷವೇ ಓದಿಗೆ ಕೈಮುಗಿದು ನಾಟಕದವರ ಜೊತೆ ಸೇರಿದಳು. ಚಿಕ್ಕಮ್ಮ ಕಳಿಸಿದ ಪೇಪರಿನ ತುಂಡಿನಲ್ಲಿ ಬಿಳಿಯ ಹುಡುಗನೊಬ್ಬ ಅವಳನ್ನು ಸೊಂಟ ಹಿಡಿದು ಎತ್ತಿದ್ದ. ಸೆವ್ರಿನ್ ದೇವರ ಆಲ್ತಾರಿನ ಪಕ್ಕದಿಂದ ಮಗಳ ಫೋಟೊ ತೆಗೆದು ಟ್ರಂಕಿನ ಅಡಿಗೆ ತುರುಕಿದಳು.

"ಅವಳಾಗಿ ಮಾಫಿ ಕೇಳುವ ತನಕ ನನಗೆ ಮಗಳಿಲ್ಲ," ಎಂದಳು. ಅಂದಿನಿಂದ ಎಲೈಜಾಳ ಫೋನು ಬಂದರೆ ಸೆವ್ರಿನ್ ಮುಟ್ಟಲಿಲ್ಲ. ಹಟ ಎಂದರೆ ಅವಳ ಹಟ.

ರಕ್ತ ಕಂಡರೆ ತಲೆ ತಿರುಗುತ್ತದೆ ಎಂದು ಆಸ್ಪತ್ರೆ ಬಿಟ್ಟು ಓಡಿದ ಹುಡುಗಿಗೆ ಕೆನಡಾದ ಟಿವಿಯಲ್ಲಿ ಮೊದಮೊದಲು ಸಿಕ್ಕಿದ್ದೆಲ್ಲ ನರ್ಸ್ ಪಾತ್ರವೇ. ಕಂದು ಮೈಬಣ್ಣದವಳಿಗೆ ಅಲ್ಲಿ ಆಸ್ಪತ್ರೆಯಲ್ಲೋ ಅಂಗಡಿಯ ಗಲ್ಲೆಯ ಹಿಂದೆಯೋ ಮಾತ್ರ ಜಾಗ. "ಡಾಕ್ಟರ್ ಈಗ ಬರುತ್ತಾರೆ" ಎನ್ನುವ ಒಂದು ಮಾತನ್ನು ಅವಳು ಎಷ್ಟು ಧಾರಾವಾಹಿಗಳಲ್ಲಿ ಹೇಳಿದಳೋ! ಮೊಂತೇರೊ ಎಂಬುದು ಉದ್ದವಾಯಿತೆಂದು ಯಾರೋ ಅವಳನ್ನು ಎಲೈಜಾ ಮಾಂಟ್ ಮಾಡಿದರು. ಆಮೇಲೆ ಹಿಮ ಬೀಳುವ ಸಣ್ಣ ಊರಿನ ರೇಡಿಯೊ ಸ್ಟೇಷನ್ನಿನ ಧಾರಾವಾಹಿಯೊಂದರಲ್ಲಿ ಹವಾಮಾನ ಓದುವ ಹೆಂಗಸಿನ ಪಾತ್ರ ಸಿಕ್ಕಿತು, ಕೆಲವು ಚಳಿಗಾಲ ಅದೇ ಅವಳ ಅನ್ನ. ತರಕಾರಿ ಅಂಗಡಿಯಲ್ಲಿ ಜನ ಗುರುತು ಹಿಡಿದು, ನಾಳೆ ಹಿಮ ಉಂಟೋ ಎಂದು ಕೇಳುತ್ತಿದ್ದರಂತೆ. ಧಾರಾವಾಹಿ ನಿಂತಿತು, ಜನ ಮರೆತರು. ಲೈಟಿನ ಕೆಲಸದವನೊಬ್ಬನನ್ನು ಮದುವೆಯಾದಳು, ಅದೂ ನಿಂತಿತು. ಹೋಟೆಲಿನಲ್ಲಿ ತಟ್ಟೆ ಎತ್ತಿದಳು, ಮಕ್ಕಳ ಕಾರ್ಟೂನಿನಲ್ಲಿ ಅಳಿಲಿಗೆ ದನಿ ಕೊಟ್ಟಳು. ಈಗ, ಮೂವತ್ತು ದಾಟಿದ ಮೇಲೆ, ಒಂದು ಸಿನಿಮಾದಲ್ಲಿ ಅವಳ ಹೆಸರು ಎಲ್ಲರಿಗಿಂತ ಮೊದಲು ಬಂದಿತ್ತು.

ಇದನ್ನೆಲ್ಲ ಅವಳು ಅಪ್ಪನ ಆಫೀಸಿಗೆ ಫೋನು ಮಾಡಿ ಮಾಡಿ ಹೇಳಿದ್ದು. ವಲೇರಿಯನ್ ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ. ಹೆಂಡತಿಯ ಹತ್ತಿರ ಹೇಳುವಂತಿಲ್ಲ, ಹಂಚಿಕೊಳ್ಳಲು ಬೇರೆ ಯಾರೂ ಇಲ್ಲ.

ತೊಂಬತ್ತಾರರಲ್ಲಿ ಅವನಿಗೆ ಕೊನೆಗೂ ಫ್ಯಾಮಿಲಿ ವೀಸಾ ಸಿಕ್ಕಿ ಸೆವ್ರಿನ್ ದೋಹಾಕ್ಕೆ ಬಂದಳು. ಅಲ್ ಅಜೀಜಿಯಾದಲ್ಲಿ ವಿಲ್ಲಾ ಒಂದರ ಹಿಂಬದಿಯ ಎರಡು ಕೋಣೆಯಲ್ಲಿ ಸಂಸಾರ. ಹೊರಗಿನ ಬಿಸಿಲಿಗೆ ಹೆದರಿ ಅವಳು ಬಾಗಿಲು ದಾಟುತ್ತಿದ್ದುದೇ ಅಪರೂಪ, ಅಲ್ಲಿಯ ಅರಬ್ಬಿ ಒಂದಕ್ಷರವೂ ಕಿವಿಗೆ ಹತ್ತಿರಲಿಲ್ಲ. ವಲೇರಿಯನ್‌ಗಾದರೋ ಗಲ್ಫು ನಾಲಿಗೆಗೇ ಅಂಟಿಹೋಗಿತ್ತು. ಹೊರಡಲು ಯಲ್ಲಾ, ಮುಗಿದರೆ ಖಲಾಸ್, ಇಲ್ಲ ಎನ್ನಲು ಮಾಫಿ. ಒಮ್ಮೆ ರಜೆಯಲ್ಲಿ ಹೋದಾಗ ಮಂಗಳೂರಿನ ಮೀನು ಮಾರ್ಕೆಟ್ಟಿನಲ್ಲಿ "ಚಿಲ್ಲರೆ ಮಾಫಿ" ಎಂದುಬಿಟ್ಟಿದ್ದ. "ಚಿಲ್ಲರೆಗೆಲ್ಲ ಮಾಫಿ ಕೇಳ್ಬೇಡಿ ಮಾರಾಯ್ರೆ, ದೊಡ್ಡ ನೋಟು ಕೊಡಿ" ಎಂದು ಮೀನಿನವಳು ನಕ್ಕಿದ್ದಳು.

ಆ ಚಳಿಗಾಲದಲ್ಲಿ ಎಲೈಜಾಳ ಫೋನು ಬಂತು. "ಪಪ್ಪಾ, ನನ್ನ ಸಿನಿಮಾವನ್ನು ನಿಮ್ಮ ಕಂಪನಿ ತಗೊಂಡಿದೆಯಂತೆ! ಅದರಲ್ಲಿ ಒಂದು ಸೀನು ನಾನು ಕೊಂಕಣಿಯಲ್ಲೇ ಮಾತಾಡಿದ್ದೇನೆ. ಡೈರೆಕ್ಟರ್ ಒಪ್ಪಿದ್ರು. ಅದು ಮಾಂಯ್‌ಗೋಸ್ಕರ. ಎಂಥ ಹೇಳಿದ್ದು ಅಂತ ಈಗ ಹೇಳುದಿಲ್ಲ, ಅವಳೇ ನೋಡ್ಲಿ." ಮಾಂಯ್ ಎಂದರೆ ಅಮ್ಮ.

ಮನೆಗೆ ಬಂದು ಹೇಳಿದಾಗ ಸೆವ್ರಿನ್ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ನನಗೆಂಥಕ್ಕೆ ಅದು?" ಎಂದಳು. ಮರುದಿನ ಮಾತ್ರ, ಈ ಟಿವಿಯಲ್ಲಿ ಮುಖಗಳು ಯಾಕೆ ಹಸಿರು ಕಾಣುತ್ತವೆ ಎಂದು ಕೇಳಿದಳು. ಅದರ ಮರುದಿನ ಮುಂದಿನ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಉಳ್ಳಾಲದ ಮೊಯ್ದಿನ್ ಕುಂಞಿಯನ್ನು ಕರೆಸಿ ಟಿವಿ ಸರಿಮಾಡಿಸಿದಳು. ಊಟ ಬಡಿಸುತ್ತ, ಗೋಡೆಗೆ ಹೇಳಿದ ಹಾಗೆ, "ನನ್ನ ಹತ್ತಿರ ಎಂಥ ಹೇಳ್ಲಿಕ್ಕುಂಟಂತೆ ಅವಳಿಗೆ?" ಎಂದಳು. ವಲೇರಿಯನ್ ತಟ್ಟೆ ನೋಡುತ್ತ ಒಳಗೊಳಗೇ ಹಿಗ್ಗಿದ. ಇನ್ನೇನು, ತಾಯಿ ಮಗಳು ಮಾತಾಡುವ ದಿನ ಬಂತು ಎಂದೇ ನಂಬಿದ, ಪಾಪ.

ಟೇಪು ಬಂದ ದಿನ ಬಶೀರ್ ಮತ್ತು ಅವನು ಒಟ್ಟಿಗೆ ಕೂತು ನೋಡಿದರು. ಕೆನಡಾದ ಮೂಡಣ ಕಡಲಿನ ಒಂದು ಮೀನುಗಾರರ ಊರು. ಎಲೈಜಾ ಅಲ್ಲಿ ಗಂಡನನ್ನು ಕಳೆದುಕೊಂಡವಳು. ನಡೆಯುವಾಗ ಥೇಟು ಸೆವ್ರಿನ್‌ಳಂತೆ ಎಡಭುಜ ತಗ್ಗಿಸುತ್ತಿದ್ದಳು. ಸಿನಿಮಾ ಅರ್ಧ ದಾಟಿದಾಗ ಆ ಸೀನು ಬಂತು. ಅಡುಗೆಮನೆ, ತೋಳಿಲ್ಲದ ತೆಳ್ಳನೆಯ ರಾತ್ರಿಯುಡುಪು, ಒಂದು ಕೈಯಲ್ಲಿ ವೈನ್ ಗ್ಲಾಸು, ಇನ್ನೊಂದರಲ್ಲಿ ಫೋನು, ತಲೆಯ ಹಿಂದಿನ ಗೋಡೆಯಲ್ಲಿ ಮೊಳದುದ್ದದ ಶಿಲುಬೆ. ಆ ಡೈರೆಕ್ಟರು ಕಂಪನಿಯ ನಿಯಮಗಳನ್ನು ಎದುರಿಗಿಟ್ಟುಕೊಂಡೇ ತೆಗೆದನೋ ಎಂಬಂತಿತ್ತು.

"ಮಾಂಯ್," ಎಂದಳು ಎಲೈಜಾ, ಆ ಕಡೆ ಯಾರೂ ಎತ್ತದ ಫೋನಿನಲ್ಲಿ. "ನಾನು ತಪ್ಪು ಮಾಡ್ಲಿಲ್ಲ. ಅದನ್ನು ಹೇಳ್ಲಿಕ್ಕೆ ಫೋನು ಮಾಡಿದ್ದಲ್ಲ. ನಿನ್ನ ಸ್ವರ ಕೇಳದೆ ನನಗೆ ಎಂಥದೂ ರುಚಿಸುದಿಲ್ಲ. ಬಯ್ಲಿಕ್ಕಾದ್ರೂ ಒಮ್ಮೆ ಫೋನ್ ಎತ್ತು."

ಬಶೀರ್ ಮಷೀನು ನಿಲ್ಲಿಸಿ ತಮ್ಮ ಹಾಳೆಯಲ್ಲಿ ಗೆರೆ ಎಳೆಯಲು ಹೊರಟರು. "ಉಸ್ತಾದ್, ಅವಳು ನನ್ನ ಮಗಳು," ಎಂದ ವಲೇರಿಯನ್, ತನಗೆ ಬರುವ ಹಿಂದಿಯಲ್ಲಿ. "ಇದೊಂದು ಬಿಡಿ. ಇಷ್ಟು ವರ್ಷದಲ್ಲಿ ನಾನು ಒಂದು ಕೇಳಿದ್ದುಂಟಾ?"

ಬಶೀರ್ ಕನ್ನಡಕ ತೆಗೆದು ಅವನನ್ನು ನೋಡಿದರು. ಎದ್ದು ಮಾಲೀಕರ ಕೋಣೆಗೆ ಹೋದರು. ಹೋದವರು ಬೇಗ ಬರಲಿಲ್ಲ, ಬಂದಾಗ ಮುಖ ಸಣ್ಣದಾಗಿತ್ತು. "ಮಾಫಿ, ವಲೇರಿಯನ್," ಎಂದರು. "ಗ್ಲಾಸು ಒಂದೇ ಆಗಿದ್ದರೆ ನಾನೇ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಇಲ್ಲಿ ಮೂರೂ ಇದೆಯಲ್ಲಪ್ಪಾ."

ಕದ್ದು ಒಂದು ಪ್ರತಿ ಮಾಡಿಕೊಳ್ಳಬಹುದಿತ್ತು ಎಂದು ನಿಮಗೆ ಅನ್ನಿಸಬಹುದು. ಪಕ್ಕದ ಕುರ್ಚಿಯಲ್ಲಿದ್ದ ಬೆಂದೂರಿನ ಆಲ್ಬರ್ಟ್ ಹಾಗೆಯೇ ಒಂದು ಕ್ಯಾಸೆಟ್ ಚೀಲದಲ್ಲಿ ಹಾಕಿಕೊಂಡು ಬಾಗಿಲಲ್ಲಿ ಸಿಕ್ಕಿಬಿದ್ದು, ಆ ವಾರವೇ ಗಂಟುಮೂಟೆ ಕಟ್ಟಿದ್ದ. ಕೆನಡಾದಿಂದ ಅಂಚೆಯಲ್ಲಿ ತರಿಸಿದರೆ ಅದನ್ನೂ ಬಿಚ್ಚಿ ನೋಡುವವರಿದ್ದರು. ವಲೇರಿಯನ್ ಹೆಡ್‌ಫೋನ್ ಹಾಕಿಕೊಂಡು ಬಲಗಡೆಯ ಮಷೀನು ನಿಲ್ಲಿಸಿದ. ಎಡಗಡೆಯಲ್ಲಿ ಮಗಳು ಮಾತಾಡಿದಳು, ಅವನೊಬ್ಬ ಕೇಳಿದ, ಮುಗಿದ ಮೇಲೆ ಮತ್ತೆ ಚಾಲು ಮಾಡಿದ. ಬೆರಳು ಎಂದಿನಂತೆ ತಾನಾಗಿ ಗುಂಡಿಯ ಮೇಲೆ ಹೋಗಿತ್ತು, ಅದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಅಷ್ಟರಲ್ಲಿ ಮೇಜಿನ ಫೋನು ಹೊಡೆಯಿತು. ಸೆವ್ರಿನ್. ದೋಹಾಕ್ಕೆ ಬಂದ ಮೇಲೆ ಅವಳು ಆಫೀಸಿಗೆ ಫೋನು ಮಾಡಿದ್ದು ಅದೇ ಮೊದಲು.

"ಟೇಪು ಬಂತಾ? ಎಂಥ ಹೇಳಿದ್ದಾಳೆ ಅವಳು ನನಗೆ? ಬೇಗ ಹೇಳಿ."

ಬಾಗಿಲಲ್ಲಿ ಬಶೀರ್ ನಿಂತಿದ್ದರು. ಸೀನೇ ಇಲ್ಲ, ಹೋಯಿತು ಎಂದು ಹೇಳಹೊರಟವನ ನಾಲಿಗೆಯಿಂದ ಬಂದದ್ದು ಗಲ್ಫಿನ ಮಾತು. "ಮಾಫಿ, ಸೆವ್ರಿನ್. ಮಾಫಿ."

ಆ ಕಡೆ ಒಂದು ಬಿಕ್ಕು ಕೇಳಿತು, ಫೋನು ಇಟ್ಟಳು. ಸೀನು ಹೋದದ್ದಕ್ಕೆ ಅತ್ತಳು ಎಂದುಕೊಂಡ ವಲೇರಿಯನ್.

ಸಂಜೆ ಮನೆಗೆ ಬಂದರೆ ಕೋಣೆ ತುಂಬ ಸಾಂಬ್ರಾಣಿಯ ಪರಿಮಳ. ಆಲ್ತಾರಿನ ಪಕ್ಕದಲ್ಲಿ ಎಲೈಜಾಳ ಫೋಟೊ. ಸೆವ್ರಿನ್ ಅದನ್ನು ಟ್ರಂಕಿನ ಅಡಿಯಲ್ಲೇ ಇಟ್ಟು ದೋಹಾಕ್ಕೂ ಹೊತ್ತು ತಂದಿದ್ದಳು! ಒಲೆಯ ಮೇಲೆ ಕೋಳಿ ಸಾರು ಕುದಿಯುತ್ತಿತ್ತು. ಅತ್ತು ಕೆಂಪಾದ ಕಣ್ಣಲ್ಲೇ ಅವಳು ನಕ್ಕಳು.

"ಎರಡು ಸಲ ಕೇಳಿದ್ಲಾ?"

"ಎಂಥ?"

"ಮಾಫಿ. ನೀವು ಎರಡು ಸಲ ಹೇಳಿದ್ರಲ್ಲ ಫೋನಿನಲ್ಲಿ."

ವಲೇರಿಯನ್ ಬಾಗಿಲಲ್ಲೇ ನಿಂತ. ತಾನು ಹೇಳಿದ ಗಲ್ಫಿನ 'ಇಲ್ಲ' ಅವಳ ಕಿವಿಗೆ ಮಗಳ ಕ್ಷಮಾಪಣೆಯಾಗಿ ಬಿದ್ದಿದೆ ಎಂಬುದು ಆಗ ತಲೆಗಿಳಿಯಿತು. "ಸೆವ್ರಿನ್, ಅದು ಹಾಗಲ್ಲ..." ಎಂದು ತೊಡಗಿದ.

"ನೀವೆಂಥ ಹೇಳುದು? ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ವಾ, ಕೇಳ್ತಾಳೆ ಅಂತ ನನಗೆ ಗೊತ್ತಿತ್ತು. ಕೈಕಾಲು ತೊಳ್ಕೊಂಡು ಬನ್ನಿ."

ಆ ಮುಖವನ್ನು ಅವನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಈಗ ಅದರ ಮೇಲೆ ನೀರೆರಚಲು ಅವನಿಂದ ಆಗಲಿಲ್ಲ. ನಿಮ್ಮಿಂದ ಆಗುತ್ತಿತ್ತೇ? ಕಂಪನಿಯವರು ಆ ಸೀನು ತೆಗೆಸಿದರು ಎಂಬುದನ್ನು ಮಾತ್ರ ಹೇಳಿದ. "ಹೋಗ್ಲಿ ಬಿಡಿ," ಎಂದಳು ಸೆವ್ರಿನ್. "ಲೋಕ ನೋಡ್ಬೇಕು ಅಂತ ಇಲ್ಲ. ನೀವು ನೋಡಿದ್ರಲ್ಲ, ಸಾಕು."

ಮಗಳಿಗಾದರೂ ಮೊದಲೇ ತಿಳಿಸಿಬಿಡೋಣ, ಹೌದು ಮಾಫಿ ಕೇಳಿದೆ ಎಂದು ಅವಳು ಒಂದು ಮಾತು ಹೇಳಿದರೆ ಎಲ್ಲ ಸುಸೂತ್ರ ಎಂದುಕೊಂಡು ಅವನು ಬೂತಿನಿಂದ ಟೊರಾಂಟೊಗೆ ಫೋನು ಮಾಡಿದ. ಎತ್ತಿದ್ದು ಮಷೀನು. ಬೀಪ್ ಆದ ಮೇಲೆ ಹೇಳಿ ಎಂದಿತು. ಇಂಥದನ್ನು ಮಷೀನಿಗೆ ಹೇಗೆ ಹೇಳುವುದು? ಮರುದಿನವೂ ಮಷೀನೇ. ಎಲೈಜಾ ಯಾವುದೋ ಊರಿನಲ್ಲಿ ಶೂಟಿಂಗಿನಲ್ಲಿದ್ದಳು.

ಶುಕ್ರವಾರ ಮಧ್ಯಾಹ್ನ ಸಿನಿಮಾ ಬಂತು. ಮೊಯ್ದಿನ್ ಕುಂಞಿ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಕತ್ತರಿಸಿ ಕತ್ತರಿಸಿ ಕಥೆ ಕುಂಟುತ್ತಿತ್ತು, ಯಾರು ಯಾಕೆ ಅಳುತ್ತಿದ್ದಾರೆಂದು ಯಾರಿಗೂ ತಿಳಿಯಲಿಲ್ಲ. ಸೆವ್ರಿನ್‌ಗೆ ಕಥೆ ಬೇಕೂ ಇರಲಿಲ್ಲ, ಮಗಳು ಪರದೆಗೆ ಬಂದಾಗಲೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಡುಗೆಮನೆಯ ಬಾಗಿಲು ಕಂಡು ಚಿತ್ರ ತಟಕ್ಕನೆ ಹಾರಿದಾಗ, "ಇಲ್ಲಿಯೇ ಅಲ್ವಾ?" ಎಂದು ಗಂಡನನ್ನು ಕೇಳಿದಳು. ಅವನು ತಲೆಯಾಡಿಸಿದ. "ಇಲ್ಲಿ ಅವಳು ನನ್ನ ಹತ್ತಿರ ಮಾಫಿ ಕೇಳ್ತಾಳೆ. ಕಟ್ ಮಾಡಿದ್ದಾರೆ. ಇವರು ನೋಡಿದ್ದಾರೆ," ಎಂದು ಮೊಯ್ದಿನ್ ಕುಂಞಿಯ ಹೆಂಡತಿಗೆ ವಿವರಿಸಿದಳು.

ನೆಂಟರನ್ನು ಕಳಿಸಲು ಅವನು ಗೇಟಿನ ತನಕ ಹೋಗಿದ್ದ. ಒಳಗೆ ಫೋನು ಹೊಡೆಯಿತು. ಅವನು ಚಪ್ಪಲಿ ಬಿಟ್ಟು ಓಡಿ ಬರುವಷ್ಟರಲ್ಲಿ ಸೆವ್ರಿನ್ ಎತ್ತಿಯಾಗಿತ್ತು.

"ಎಲೈಜಾ," ಎಂದಳು.

ಆ ಕಡೆಯಿಂದ ಬಂದ ಕೂಗು ಬಾಗಿಲಲ್ಲಿದ್ದ ವಲೇರಿಯನ್‌ಗೂ ಕೇಳಿತು. ಸೆವ್ರಿನ್ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ನೋಡಿದೆ ಮಗಾ. ಎಷ್ಟು ಸೊರಗಿದ್ದಿ. ಅಲ್ಲಿ ಎಂಥ ತಿಂತಿ? ಅಳ್ಬೇಡ. ನಾನು ಅಳುದಿಲ್ಲ, ನೋಡು." ಅಳುತ್ತಲೇ ಹೇಳುತ್ತಿದ್ದಳು. ವಲೇರಿಯನ್ ಹತ್ತಿರ ಬಂದು ಫೋನಿಗೆ ಕೈ ಚಾಚಿದ. ಅವಳು ಮೊಣಕೈಯಿಂದ ಅವನನ್ನು ಸರಿಸಿದಳು. "ಇನ್ನು ಹಳೆಯದು ಎಂಥದೂ ಇಲ್ಲ, ಗೊತ್ತಾಯ್ತಾ? ನೀನು ಮಾಫಿ ಕೇಳಿದ್ದಿ, ನಾನು ಕೊಟ್ಟೆ."

"ನಾನು ಮಾಫಿ ಕೇಳ್ಲಿಲ್ಲ ಮಾಂಯ್," ಎಂದಿತು ದನಿ, ನಿಧಾನವಾಗಿ. "ಯಾವ ತಪ್ಪಿಗೆ ಕೇಳ್ಬೇಕು ನಾನು?"

"ಪಪ್ಪಾ ಹೇಳಿದ್ರು."

"ಪಪ್ಪಾ ಹಾಗೆ ಹೇಳಿದ್ರಾ?"

ಸೆವ್ರಿನ್ ತಿರುಗಿ ಗಂಡನ ಮುಖ ನೋಡಿದಳು. "ಆ ಸೀನಿನಲ್ಲಿ ಎಂಥ ಹೇಳಿದ್ದು ಅವಳು?" ಎಂದಳು. "ಸರಿಯಾಗಿ ಹೇಳಿ."

ಸುಳ್ಳು ಹೇಳೋಣವೆಂದರೆ ರಿಸೀವರಿನಲ್ಲಿ ಮಗಳು ಕೇಳುತ್ತಿದ್ದಾಳೆ. ಇದು ಅರಬ್ಬಿಯ ಮಾಫಿ, ನಮ್ಮದಲ್ಲ ಎಂದು ವಿವರಿಸಲು ಹೊರಟ, ಮಾತು ತಡವರಿಸಿತು, ಅವನಿಗೇ ಅದು ಒಂದು ನೆಪದಂತೆ ಕೇಳಿಸಿತು. "ತಪ್ಪು ಮಾಡ್ಲಿಲ್ಲ ಅಂದ್ಲು," ಎಂದ ಕೊನೆಗೆ. "ಬಯ್ಲಿಕ್ಕಾದ್ರೂ ಫೋನ್ ಎತ್ತು ಅಂದ್ಲು."

ಸೆವ್ರಿನ್ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ರಿಸೀವರನ್ನು ಮೇಜಿನ ಮೇಲೆ ಮೆತ್ತಗೆ ಮಲಗಿಸಿ, ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು. ವಲೇರಿಯನ್ ಬಾಗಿಲ ತನಕ ಹೋದ, ಕೈ ಎತ್ತಿದ, ತಟ್ಟಲಿಲ್ಲ. ಹಿಂದೆ ಬಂದು ರಿಸೀವರ್ ಕಿವಿಗೆ ಹಿಡಿದ.

"ಮಾಂಯ್? ಮಾಂಯ್, ಇದ್ದೀಯಾ? ನಾನು ಜೋರು ಮಾತಾಡಿದೆನಾ?"

"ನಾನು, ಪಪ್ಪಾ."

"ಅವಳೆಲ್ಲಿ?"

"ಒಳಗೆ ಹೋದ್ಲು. ಮುಖ ತೊಳೀಲಿಕ್ಕೆ. ಈಗ ಬರ್ತಾಳೆ."

"ಸರಿ," ಎಂದಳು ಎಲೈಜಾ. "ನಾನು ಲೈನಿನಲ್ಲೇ ಇರ್ತೇನೆ."

ವಲೇರಿಯನ್ ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತ. ಮಗಳ ಉಸಿರು ಕಿವಿಗೆ ಕೇಳುತ್ತಿತ್ತು.

"ಬಂದ್ಲಾ ಪಪ್ಪಾ?"

"ಈಗ ಬರ್ತಾಳೆ," ಎಂದ.