ಏಕಾದಶಿ ದಿನ ಒತ್ತಿದ ಕೀಲಿಗಳು

ರಮಾಬಾಯಿಯ ಗಂಟಲು ನಿಂತು ವರ್ಷವಾಗಿತ್ತು, ಮಾತು ಮಾತ್ರ ನಿಂತಿರಲಿಲ್ಲ. ನರಗಳ ಕೆಟ್ಟ ಕಾಯಿಲೆಯೊಂದು ಕಾಲಿನಿಂದ ಶುರುವಾಗಿ, ಕೈಗೇರಿ, ನಾಲಿಗೆಯನ್ನೂ ನುಂಗಿ, ಬಲಗೈಯ ತೋರುಬೆರಳೊಂದನ್ನು ಏನೋ ದಯೆ ತೋರಿದಂತೆ ಬಿಟ್ಟುಹೋಗಿತ್ತು. ಆ ಒಂದು ಬೆರಳಿನಲ್ಲೇ ಆಕೆ ತಮಿಳು ಸೀಮೆಯ ಕೀಲ್ಪಾಕಿನ ಮನೆಯನ್ನು ಆಳುತ್ತಿದ್ದಳು. ಹಾಸಿಗೆಗೆ ಅಡ್ಡಲಾಗಿ ಒಂದು ಹಲಗೆ, ಅದರ ಮೇಲೆ ಲ್ಯಾಪ್‌ಟಾಪ್, ಅದರೊಳಗೆ ಕನ್ನಡ ಅಕ್ಷರ ಮೂಡಿಸುವ ತಂತ್ರಾಂಶ. "ಸಾರಿಗೆ ಹುಣಸೆ ಜಾಸ್ತಿಯಾಗಿದೆ. ವಾಸನೆಯಲ್ಲೇ ತಿಳಿಯುತ್ತದೆ" ಎಂದು ಟೈಪು ಮಾಡುವಳು. ತನ್ನ ಹೊಟ್ಟೆಗೆ ಹೋಗುವುದು ಟ್ಯೂಬಿನ ಗಂಜಿಯಾದರೂ ಅಡುಗೆಮನೆಯ ಯಜಮಾನಿಕೆ ಬಿಟ್ಟವಳಲ್ಲ.

ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟ ಟೀಚರು ಆಕೆ. ವ್ಯಾಯಾಮ ಮಾಡಿಸಲು ಬರುವ ಹುಡುಗಿ ಒಮ್ಮೆ, ಹೌದು ಅನ್ನಲು ಒಂದು ಸಲ ಕಣ್ಣು ಮಿಟುಕಿಸಿ, ಇಲ್ಲ ಅನ್ನಲು ಎರಡು ಸಲ ಮಿಟುಕಿಸಿ ಎಂದು ಕಲಿಸಲು ಹೋಗಿದ್ದಳು. ರಮಾಬಾಯಿಯ ಬೆರಳು ನಿಧಾನವಾಗಿ ಉತ್ತರ ಬರೆಯಿತು: "ನಾನು ಗೊಂಬೆಯಲ್ಲ. ವಾಕ್ಯದಲ್ಲಿ ಹೇಳುತ್ತೇನೆ." ಹುಡುಗಿ ಪೆಚ್ಚಾಗಿ ನಕ್ಕಳು. ಕಿಟ್ಟುವಿಗೆ ಒಳಗೊಳಗೇ ಹೆಮ್ಮೆ.

ಕಿಟ್ಟು ಆಕೆಯ ತಮ್ಮ. ವಿಮಾ ಕಂಪನಿಯಿಂದ ನಿವೃತ್ತನಾಗಿ, ಹೆಂಡತಿಯನ್ನೂ ಕಳೆದುಕೊಂಡು, ಮಗ ಸತ್ಯಾತ್ಮ ಮತ್ತು ಸೊಸೆ ವಿಭಾ ಜೊತೆ ಇದ್ದವನು. ತಾಯಿ ಸತ್ತಾಗ ಅವನಿನ್ನೂ ಚಡ್ಡಿ ಜಾರುವ ಹುಡುಗ. ಬಂದ ಸಂಬಂಧಗಳನ್ನೆಲ್ಲ ವಾಪಸು ಕಳಿಸಿ ಅಕ್ಕನೇ ಅವನಿಗೆ ಊಟ ಹಾಕಿ, ಓದಿಸಿ, ಮದುವೆ ಮಾಡಿಸಿದಳು. ಅಕ್ಕನಿಲ್ಲದ ಮನೆಯನ್ನು ಅವನು ಬದುಕಿನಲ್ಲಿ ನೋಡಿರಲಿಲ್ಲ. ಅರವತ್ತು ದಾಟಿದ ಮೇಲೂ ಅದನ್ನು ನೆನೆದರೆ ಅವನಿಗೆ ಹೆದರಿಕೆಯಾಗುತ್ತಿತ್ತು. ಅಷ್ಟೇ ನಿಜ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ.

ರಮಾಬಾಯಿಯ ಏಕಾದಶಿಯ ವಿಷಯ ಇಲ್ಲಿ ಹೇಳಬೇಕು. ಮಾಧ್ವರ ಮನೆಯಲ್ಲಿ ಆ ದಿನ ಉಪವಾಸವಿರುವುದು ಹೊಸದಲ್ಲ. ಆಕೆ ಅದರ ಜೊತೆಗೆ ಮೌನವನ್ನೂ ಸೇರಿಸಿಕೊಂಡಿದ್ದಳು. ಟೀಚರಾಗಿದ್ದಾಗಲೂ ಏಕಾದಶಿ ದಿನ ಬಾಯಿ ಬಿಡದೆ ಬರೀ ಬೋರ್ಡಿನ ಮೇಲೆ ಲೆಕ್ಕ ಬರೆದು ಪಾಠ ಮುಗಿಸುತ್ತಿದ್ದಳಂತೆ; ಮಕ್ಕಳಿಗೆ ಆ ದಿನ ಹಬ್ಬ. ಕಾಯಿಲೆ ಬಿದ್ದ ಮೇಲೆ ನೇಮ ಇನ್ನೂ ಬಿಗಿಯಾಯಿತು. ಮಾತಿಗೆ ಬೆರಳೊಂದೇ ಉಳಿದಾಗ ಬೆರಳಿಗೂ ಮೌನ ಬಂತು. ಹಲಗೆಯನ್ನು ಎಂದಿನಂತೆ ಇಡುತ್ತಿದ್ದರು, ಬೆರಳು ಕೀಲಿಗಳ ಮೇಲೆ ಸುಮ್ಮನೆ ಮಲಗಿರುತ್ತಿತ್ತು. ದ್ವಾದಶಿ ಬೆಳಿಗ್ಗೆ ಪಾರಣೆಯಾದ ಮೇಲೆ ಒಂದು ದಿನದ ಬೈಗುಳವನ್ನೆಲ್ಲ ಒಟ್ಟಿಗೆ ಟೈಪು ಮಾಡುವಳು. ಮನೆಯವರಿಗೆಲ್ಲ ಇದು ಎಷ್ಟು ರೂಢಿಯಾಗಿತ್ತೆಂದರೆ, ಆ ದಿನ ಪರದೆಯ ಕಡೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ.

ಅಂದು ದಶಮಿ. ಬೆಳಿಗ್ಗೆ ಬಂದ ಡಾಕ್ಟರಮ್ಮ ಸುತ್ತಿಬಳಸದೆ ಹೇಳಿದರು. ಉಸಿರಿನ ಸ್ನಾಯುಗಳು ಸೋಲುತ್ತಿವೆ. ಮುಂದಿನ ಸಲ ಉಸಿರು ಸಿಕ್ಕಿಕೊಂಡರೆ ಕತ್ತಿನಲ್ಲಿ ತೂತು ಮಾಡಿ ಕೊಳವೆ ಹಾಕಬೇಕು, ಆಮೇಲೆ ಸಾಯುವ ತನಕ ಯಂತ್ರವೇ ಉಸಿರಾಡಿಸುತ್ತದೆ. ಬೇಡವೆಂದರೆ ನೋವಾಗದಂತೆ ಮನೆಯಲ್ಲೇ ನೋಡಿಕೊಳ್ಳಬಹುದು. ತೀರ್ಮಾನ ಅಮ್ಮನದೇ, ಬೇಗ ಹೇಳಿದರೆ ಒಳ್ಳೆಯದು.

ರಮಾಬಾಯಿ ಡಾಕ್ಟರನ್ನೂ ತಮ್ಮನನ್ನೂ ನೋಡಿದಳು. ಬೆರಳು ಅಕ್ಷರ ಅಕ್ಷರವಾಗಿ ನಡೆಯಿತು: "ನಾಳೆ ಬೆಳಿಗ್ಗೆ ಹೇಳುತ್ತೇನೆ. ನಾನೇ ಹೇಳುತ್ತೇನೆ. ಬೇರೆ ಯಾರೂ ಹೇಳಕೂಡದು."

ಮಧ್ಯಾಹ್ನ ಆಕೆ ಮಲಗಿದ್ದಾಗ ಕಿಟ್ಟು ಹಲಗೆಯ ಮೇಲಿನ ಲ್ಯಾಪ್‌ಟಾಪನ್ನು ಮೆಲ್ಲಗೆ ಎತ್ತಿಕೊಂಡು ಬಂದ. ಅವನ ಕಂಪ್ಯೂಟರು ಕೆಟ್ಟು ಕೂತಿತ್ತು. ಬಡಾವಣೆಯ ಮಾಧ್ವ ಸಭೆಯ ತಮಿಳು ಮಾಸಪತ್ರಿಕೆಗೆ ಲೇಖನ ಕಳಿಸಲು ಅಂದೇ ಕೊನೆಯ ದಿನ. ಪತ್ರಿಕೆ ಓದುವವರು ಇಪ್ಪತ್ತು ಜನ, ಅವರಲ್ಲೂ ಪೂರ್ತಿ ಓದುವವನು ಕಿಟ್ಟು ಒಬ್ಬನೇ. ಆದರೂ ಆ ಅವಸರ ನೋಡಿದರೆ ಶಾಸನಸಭೆಯೇ ಕಾಯುತ್ತಿದೆ ಅನ್ನಬೇಕು. ತಮಿಳು ಟೈಪು ಮಾಡುವ ಉಚಿತ ತಂತ್ರಾಂಶವೊಂದನ್ನು ಇಳಿಸಿಕೊಂಡ, ಕೇಳಿದ್ದಕ್ಕೆಲ್ಲ ಸರಿ ಸರಿ ಎಂದು ಒತ್ತಿದ, ಲೇಖನ ಬರೆದು ಕಳಿಸಿದ, ಲ್ಯಾಪ್‌ಟಾಪನ್ನು ಇದ್ದಲ್ಲೇ ಇಟ್ಟ. ದಣಿದಿದ್ದ ಅಕ್ಕ ಆ ಸಂಜೆ ಏನನ್ನೂ ಟೈಪು ಮಾಡಲಿಲ್ಲ, ಅವಳಿಗೆ ಗೊತ್ತಾಗಲೇ ಇಲ್ಲ.

ಮರುದಿನ ಬೆಳಿಗ್ಗೆ ಪರದೆ ಬಿಳಿಯಾಗಿತ್ತು.

"ಮಾವ, ಅತ್ತೆ ಇವತ್ತು ಶೊಲ್ತೀನಿ ಅಂದಿದ್ರಲ್ಲ?" ಎಂದು ವಿಭಾ ತನ್ನ ತಮಿಳು ಬೆರೆತ ಕನ್ನಡದಲ್ಲಿ ಕೇಳಿದಳು.

"ಏಕಾದಶಿ ಅಲ್ಲವಾಮ್ಮಾ. ನಿನ್ನೆ ಡಾಕ್ಟರ್ ಮುಂದೆ ಮರ್ತು ಹೇಳ್ಬಿಟ್ಟಿರ್ತಾಳೆ. ನಾಳೆ ಪಾರಣೆ ಆಗ್ಲಿ, ಅವಳೇ ಹೇಳ್ತಾಳೆ. ತೊಂದರೆ ಮಾಡ್ಬೇಡ."

ಮಧ್ಯಾಹ್ನ ವಿಭಾ ಮತ್ತೆ ಬಂದಳು. "ಮಾವ, ಅತ್ತೆ ಕಣ್ಣು ರೊಂಬ ಮಿಟುಕಿಸ್ತಾ ಇದಾರೆ. ಕರ್ಸರ್ ಬೇರೆ ಎಷ್ಟೋ ಕೆಳಗೆ ಪೋಯಿದೆ."

"ಕಣ್ಣು ಒಣಗಿರುತ್ತೆ, ಡ್ರಾಪ್ಸ್ ಹಾಕು. ಕೈ ಭಾರ ಬಿದ್ದು ಕರ್ಸರ್ ಹೋಗಿರುತ್ತೆ."

ವಿಭಾ ಹನಿ ಹಾಕಿದಳು. ರಮಾಬಾಯಿಯ ಕೆನ್ನೆಯ ಮೇಲೆ ನೀರಿಳಿಯಿತು. ಔಷಧಿಯ ನೀರೆಂದು ಇಬ್ಬರೂ ಅದನ್ನು ಒರೆಸಿದರು.

ದ್ವಾದಶಿ ಬೆಳಿಗ್ಗೆ, ಪಾರಣೆಯ ತೀರ್ಥ ತರುವ ಮೊದಲೇ, ಆಕೆಯ ತುಟಿ ನೀಲಿಯಾಗಿತ್ತು. ಆಂಬುಲೆನ್ಸಿನಲ್ಲೇ ಎಚ್ಚರ ತಪ್ಪಿತು. ಆಸ್ಪತ್ರೆಯ ಬಾಗಿಲಲ್ಲಿ ಯುವ ಡಾಕ್ಟರೊಬ್ಬ, ಪೇಷಂಟ್ ಏನಾದರೂ ಹೇಳಿದ್ದಾರಾ, ಕೊಳವೆ ಹಾಕಬೇಕಾ ಬೇಡವಾ, ಈಗಲೇ ಹೇಳಿ ಎಂದ. ಕಿಟ್ಟುವಿಗೆ ಗಾಜಿನಾಚೆ ಅಕ್ಕನ ಪಾದಗಳು ಮಾತ್ರ ಕಂಡವು. ಅವನ ಬಾಯಿಂದ ಬಂದದ್ದು ಒಂದೇ ಮಾತು: "ಹಾಕಿ ಸಾರ್. ಎಂಗಕ್ಕಾ ಸಾರ್, ಹಾಕಿ."

ಅಕ್ಕ ಬದುಕಿದಳು. ಕತ್ತಿನಲ್ಲಿ ಕೊಳವೆ, ಪಕ್ಕದಲ್ಲಿ ಉಸ್ಸೆಂದು ಊದುವ ಯಂತ್ರ; ಮನೆಗೆ ಬಂದಾಗ ಕಿಟ್ಟು ಬೀದಿಯವರಿಗೆಲ್ಲ ಸಕ್ಕರೆ ಹಂಚಿದ. ಆದರೆ ಅಕ್ಕ ಮಾತಾಡಲಿಲ್ಲ. ಹಲಗೆ ಇಟ್ಟರು, ಬೆರಳನ್ನು ಕೀಲಿಗಳ ಮೇಲೆ ಇಟ್ಟರು. ಬೆರಳು ಒಂದಿಷ್ಟು ಹೊತ್ತು ಅಲುಗಿ ನಿಂತಿತು. ಪರದೆ ಬಿಳಿ. ಆಮೇಲೆ ಕಿಟ್ಟು ಕೋಣೆಗೆ ಬಂದಾಗಲೆಲ್ಲ ಆಕೆ ಕಣ್ಣು ಮುಚ್ಚಿಕೊಳ್ಳತೊಡಗಿದಳು. ಸುಸ್ತು ಎಂದ ಅವನು. ಕೋಪವಿರಬೇಕು ಎಂದು ಒಳಗೊಳಗೇ ಅಂದುಕೊಂಡ.

ವಿಭಾಳೇ ಒಂದು ದಿನ ತಾನಾಗಿ ಕೀಲಿ ಒತ್ತಿ ನೋಡಿದಳು. ಅಕ್ಷರಗಳು ಒಂದೂ ಬರುತ್ತಿರಲಿಲ್ಲ. ಜಾಗ ಬಿಡುವ ಕೀಲಿ, ಸಾಲು ಇಳಿಸುವ ಕೀಲಿ, ಇವೆರಡು ಮಾತ್ರ ಕೆಲಸ ಮಾಡುತ್ತಿದ್ದವು. ಕಿಟ್ಟು ಚಿಗುರಿಬಿಟ್ಟ. ಅಬ್ಬ, ಅಕ್ಕನಿಗೆ ಕೋಪವಿಲ್ಲ, ಕೆಟ್ಟಿರುವುದು ಕೀಬೋರ್ಡು! ಯಾವ ಯಂತ್ರ ಕೆಟ್ಟರೂ ಮೊದಲು ಒರೆಸುವುದು ಅವನ ವೈದ್ಯ. ಒದ್ದೆ ಬಟ್ಟೆಯಲ್ಲಿ ಒರೆಸಿದ, ಹತ್ತಿ ಕಡ್ಡಿಯಲ್ಲಿ ಸಂದುಗಳ ಧೂಳು ತೆಗೆದ, ಸೊಸೆಯ ಕೂದಲು ಒಣಗಿಸುವ ಯಂತ್ರದಿಂದ ಗಾಳಿ ಊದಿದ. ಉಪಯೋಗವಾಗಲಿಲ್ಲ. ಕಂಪ್ಯೂಟರು ಸಾಮಾನಿನ ಅಂಗಡಿಗಳಿರುವ ರಿಚಿ ಸ್ಟ್ರೀಟಿಗೆ ಹೋಗಿ ಬೇರೆ ಕೀಬೋರ್ಡು ತಂದು ಸಿಕ್ಕಿಸಿದ. ಹೊಸ ಕೀಬೋರ್ಡಿನಲ್ಲೂ ಅವೇ ಕೀಲಿಗಳು ಸತ್ತಿದ್ದವು.

ಮಗನಿಗೆ ಆಫೀಸಿಗೆ ಫೋನು ಮಾಡಿದ. ಸತ್ಯಾತ್ಮನಿಗೆ ಅಪ್ಪನ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಇಂಗ್ಲಿಷ್‌ಲ ವರುದಾ ಪಾರುಂಗ ಅಪ್ಪಾ."

ಕಿಟ್ಟು ಕನ್ನಡ ತಂತ್ರಾಂಶವನ್ನು ನಿಲ್ಲಿಸಿ ಇಂಗ್ಲಿಷ್ ಅಕ್ಷರ ಒತ್ತಿ ನೋಡಿದ. "ಇಂಗ್ಲಿಷ್ ಎಲ್ಲಾ ಬರುತ್ತೆ ಕಣೋ. ಕನ್ನಡ ಹಾಕಿದ್ರೆ ಮಾತ್ರ ಬರಲ್ಲ."

"ಅಪ್ಪೋ ಕೀಬೋರ್ಡ್ ಇಲ್ಲೆ, ಸಾಫ್ಟ್‌ವೇರ್ ದಾನ್. ರೆಂಡು ಲ್ಯಾಂಗ್ವೇಜ್ ಸಾಫ್ಟ್‌ವೇರ್ ಓಡಿನಾ ಸಂಡೆ ಪೋಡುಂ. ಪುದುಸಾ ಏದಾವದು ಪೋಟ್ಟೀಂಗಳಾ?"

ಎರಡು ಭಾಷೆಯ ತಂತ್ರಾಂಶ ಒಟ್ಟಿಗೆ ಓಡಿದರೆ ಜಗಳವಾಡುತ್ತವೆ, ಹೊಸದೇನಾದರೂ ಹಾಕಿದ್ದೀರಾ ಎಂದು ಮಗ ಕೇಳಿದ್ದೇ ತಡ, ಕಿಟ್ಟು ಫೋನು ಇಟ್ಟು ಪರದೆಯ ಕಡೆ ತಿರುಗಿದ.

ಪರದೆಯ ಮೂಲೆಯಲ್ಲಿ, ಗಡಿಯಾರದ ಪಕ್ಕ, ಆ ತಮಿಳು ತಂತ್ರಾಂಶದ ಚಿಹ್ನೆ ಸಣ್ಣಗೆ ಕೂತಿತ್ತು. ಕಂಪ್ಯೂಟರು ಎದ್ದಾಗಲೆಲ್ಲ ತಾನೂ ಎದ್ದು, ಕನ್ನಡಕ್ಕೆ ಹೋಗಬೇಕಾದ ಪ್ರತಿ ಅಕ್ಷರವನ್ನೂ ನಡುದಾರಿಯಲ್ಲೇ ನುಂಗುತ್ತಿತ್ತು. ಕಿಟ್ಟು ಅದನ್ನು ಮುಚ್ಚಿದ. ಕೀಲಿ ಒತ್ತಿದ. ಅಕ್ಷರ ಬಂತು. "ಅಕ್ಕ" ಎಂದು ಟೈಪು ಮಾಡಿದ, ಅದೂ ಬಂತು.

ಸಂತೋಷ ಒಂದು ಗಳಿಗೆ ಇದ್ದಿರಬೇಕು. ಆಮೇಲೆ ದಶಮಿಯ ಮಧ್ಯಾಹ್ನ ನೆನಪಾಯಿತು. ಕೆಳಗೆ ಹೋಗಿದ್ದ ಕರ್ಸರು ನೆನಪಾಯಿತು. ಪದ ಮುಗಿದಲ್ಲಿ ಜಾಗ ಬಿಟ್ಟು, ಸಾಲು ಮುಗಿದಲ್ಲಿ ಕೆಳಗಿಳಿದು, ಅಕ್ಕ ಆ ದಿನವೆಲ್ಲ ಹೇಳಿದ್ದಾಳೆ. ಜನ್ಮದಲ್ಲಿ ಏಕಾದಶಿ ಮರೆಯದವಳು ಅವತ್ತೂ ಮರೆತಿರಲಿಲ್ಲ. ಆ ಒಂದು ಮಾತಿಗಾಗಿ ಮೌನ ಮುರಿದಿದ್ದಳು. ವಾಕ್ಯ ಸಾಯುತ್ತಿದೆಯೆಂದು ಗೊತ್ತಾದಾಗ, ತಾನು ಬಯ್ದು ಬಿಟ್ಟಿದ್ದ ಗೊಂಬೆಯ ಭಾಷೆಯಲ್ಲಿ ಕಣ್ಣನ್ನೂ ಮಿಟುಕಿಸಿದ್ದಳು. ಅದಕ್ಕೆ ಕಿಟ್ಟು ಡ್ರಾಪ್ಸ್ ಹಾಕಿಸಿದ್ದ.

ಲ್ಯಾಪ್‌ಟಾಪನ್ನು ಅಕ್ಕನ ಮುಂದಿಡಲೇಬೇಕಿತ್ತು. ಬೇಕು ಅಂದಿರಬಹುದು, ಯಾರು ಕಂಡರು, ಬದುಕು ಯಾರಿಗೆ ಬೇಡ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಅವನು ಕೋಣೆಗೆ ಹೋದ. ಹಲಗೆ ಇಟ್ಟ. "ಅಕ್ಕಾ, ಶರಿಯಾಯ್ತು. ಈಗ ಬರುತ್ತೆ, ನೋಡು."

ಮುಚ್ಚಿದ್ದ ಕಣ್ಣು ತೆರೆಯಿತು. ಬೆರಳು ಒಂದು ಕೀಲಿ ಒತ್ತಿತು, ಕಣ್ಣು ಮೂಡಿದ ಅಕ್ಷರವನ್ನು ನೋಡಿತು. ಆಮೇಲೆ ಬೆರಳು ಹೊರಟಿತು. ಯಂತ್ರ ಊದುತ್ತಿತ್ತು. ಕಿಟ್ಟು ಪಕ್ಕದಲ್ಲಿ ಕೈಕಟ್ಟಿ, ಪರೀಕ್ಷೆಗೆ ಓದದ ಹುಡುಗನ ಹಾಗೆ ನಿಂತಿದ್ದ.

"ಬೇಡ ಎಂದು ಅಂದೇ ಹೇಳಿದೆ. ಮನೆಯಲ್ಲೇ ಹೋಗಲು ಬಿಡು ಎಂದೆ."

ಬೆರಳು ದಣಿದಿತ್ತು. ಆದರೂ ಸಾಲು ಇಳಿಸಿತು.

"ಇದು ನನಗೆ ಹಿಂಸೆ. ಡಾಕ್ಟರನ್ನು ಕರೆಸು. ನಿಲ್ಲಿಸಲು ಹೇಳು, ಕಿಟ್ಟು."

ಕಿಟ್ಟು ಓದಿದ. ಇನ್ನೊಮ್ಮೆ ಓದಿದ. ಅಕ್ಕನ ಮಾತನ್ನು ಅವನು ಜನ್ಮದಲ್ಲಿ ಮೀರಿದವನಲ್ಲ. ಯಾವ ಕಾಲೇಜು ಎಂದರೆ ಆ ಕಾಲೇಜು, ಯಾವ ಹುಡುಗಿ ಎಂದರೆ ಆ ಹುಡುಗಿ. ಇದೊಂದು ಮಾತಿಗೆ ಮಾತ್ರ ಅವನ ಎದೆ ಕಲ್ಲಿನಂತೆ ಕೂತುಬಿಟ್ಟಿತು. ಅಡುಗೆಮನೆಯಿಂದ ವಿಭಾಳ ಹೆಜ್ಜೆ ಕೇಳಿಸಿತು. ಅವಳು ಓದಿದರೆ ಡಾಕ್ಟರಿಗೆ ಫೋನು ಹೋಗುತ್ತದೆ, ಡಾಕ್ಟರು ಬರುತ್ತಾರೆ. ಆಮೇಲೆ ಅಕ್ಕ ಇರುವುದಿಲ್ಲ.

ಅವನ ಕೈ ಹಲಗೆಯ ಕಡೆ ಹೋಯಿತು. ಬರೆದದ್ದನ್ನೆಲ್ಲ ಅಳಿಸಿತು. ಆ ತಮಿಳು ತಂತ್ರಾಂಶವನ್ನು ಹುಡುಕಿ ತೆರೆಯಿತು. ಗಡಿಯಾರದ ಪಕ್ಕ ಅದು ಮತ್ತೆ ಬಂದು ಕೂತಿತು.

"ಶರಿಯಾಯ್ತಾ ಮಾವ? ಅತ್ತೆ ಏನ್ ಶೊನ್ನರು?" ವಿಭಾ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

ಗೋಡೆಯ ಪಂಚಾಂಗದಲ್ಲಿ ಅಂದಿನ ತಿಥಿಯ ಮೇಲೆ ಕಿಟ್ಟುವಿನ ಕಣ್ಣು ಬಿತ್ತು.

"ಶರಿಯಾಯ್ತು," ಎಂದ. "ಇವತ್ತು ಏಕಾದಶಿ ಅಲ್ವಾ. ಮೌನ."

"ಓ, ಆಮಾ," ಎಂದಳು ವಿಭಾ. ಅವಳು ನಂಬದಿರಲು ಕಾರಣವೇ ಇರಲಿಲ್ಲ.

ರಮಾಬಾಯಿ ತಮ್ಮನನ್ನೇ ನೋಡುತ್ತಿದ್ದಳು. ಬೆರಳು ಒತ್ತುತ್ತಲೇ ಇತ್ತು. ಬಿಳಿ ಪರದೆಯ ಮೇಲೆ ಕರ್ಸರು ಒಂದು ಸಾಲು ಕೆಳಗಿಳಿಯಿತು, ಇನ್ನೊಂದು ಸಾಲು ಇಳಿಯಿತು. ಬೆರಳು ನಿಂತ ಮೇಲೆ ಆಕೆ ಕಣ್ಣು ಮಿಟುಕಿಸಿದಳು, ಎರಡು ಸಲ, ಮತ್ತೆ ಎರಡು ಸಲ.

"ಪಾವಂ, ಅತ್ತೆ ಕಣ್ಣು ತಿರುಗಿ ಒಣಗಿದೆ," ಎಂದು ವಿಭಾ ಕಪಾಟಿನಿಂದ ಡ್ರಾಪ್ಸ್ ತಂದಳು. "ಕೊಂಚ ತಲೆ ಹಿಡ್ಕೊಳ್ಳಿ ಮಾವ."

ಕಿಟ್ಟು ಅಕ್ಕನ ತಲೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡ.