ತಮ್ಮಯ್ಯನ ಕಂಬಳಿ

ಚಟ್ಟಕ್ಕೆ ಹೆಗಲು ಕೊಡಲು ನಾಲ್ವರೂ ಬಗ್ಗಿದ್ದೇ ತಡ, ಈಶ್ವರಮ್ಮ ಗಂಡ ತಮ್ಮಯ್ಯನ ಮೇಲೆ ಹೊದಿಸಿದ್ದ ಕರಿಕಂಬಳಿಯನ್ನು ಎಳೆದು ಎದೆಗವಚಿಕೊಂಡಳು.

“ಕುರಿಗೆ ತೋರ್ಸಾಯ್ತಲ್ಲಮ್ಮ,” ಎಂದ ತಮ್ಮಯ್ಯನ ಅಣ್ಣ ಗಿಡ್ಡಪ್ಪ.

“ಇಲ್ಲಿರೋವಕ್ಕೆ ತೋರ್ಸಾಯ್ತು. ಕಡೂರಲ್ಲಿರೋದಕ್ಕೆ ಯಾರು ತೋರಿಸ್ತಾರೆ?”

ಆ ಮನೆತನದಲ್ಲಿ ಕುರಿ ಸಾಕಿದವನು ತೀರಿಕೊಂಡರೆ ಅವನು ಹೊದ್ದ ಕಂಬಳಿಯನ್ನು ಮನೆಯ ಹಿರಿಯನೇ ಹಿಂಡಿಗೆ ಮೂಸಿಸಬೇಕು. ಇಲ್ಲವಾದರೆ ಯಜಮಾನ ಬರುತ್ತಾನೆಂದು ಕಾಯುತ್ತಾ ಕುರಿಗಳು ಮೇವು ಬಿಡುತ್ತವೆ ಎಂಬ ನಂಬಿಕೆ. ಗಿಡ್ಡಪ್ಪ ಬೆಳಗ್ಗೆಯೇ ಅದನ್ನು ಮಾಡಿ ಮುಗಿಸಿದ್ದ. ಈಶ್ವರಮ್ಮ ಈಗ ಹೇಳುತ್ತಿದ್ದುದು ವಿಮಾನದ ವಿಷಯ. ಸೈನ್ಯಕ್ಕೆ ಸಾಮಾನು ಸಾಗಿಸಿ ಮುದಿಯಾದ ಒಂದು ವಿಮಾನವನ್ನು ಕಡೂರಿನ ರಸ್ತೆ ಬದಿಯ ಪಾರ್ಕಿನಲ್ಲಿ ತಂದು ನಿಲ್ಲಿಸಿದ್ದರು. ವಾಯುಪಡೆಯಿಂದ ನಿವೃತ್ತನಾಗಿ ಸ್ವಂತ ಊರು ಯಗಟಿಗೆ ಬಂದಿದ್ದ ತಮ್ಮಯ್ಯ ದಿನಾ ಮೊದಲ ಬಸ್ಸಿಗೆ ಹೋಗಿ ಅದರ ಮೈ ಒರೆಸಿ, ರೆಕ್ಕೆಯ ಸಂದಿಯ ಕಸ ತೆಗೆದು ಬರುತ್ತಿದ್ದ. ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ ಅದು.

“ಕುರಿ ಮೂಸ್ತವೆ. ತಗಡು ಮೂಸುತ್ತೇನಮ್ಮ? ಊರು ನಗುತ್ತೆ.”

“ನಗ್ಲಿ ಭಾವ. ಅದನ್ನ ಅವರು ಸಾಕವ್ರೆ. ಕಂಬಳಿ ಹೋಗಿ ಬರೋಗಂಟ ಇವರನ್ನ ಎತ್ತಕ್ಕೆ ನಾನು ಬಿಡಲ್ಲ.”

ಹೆಣದ ಮುಂದೆ ಹೆಂಗಸಿನ ಜೊತೆ ಏನು ವಾದ ಮಾಡುವುದು? ಮಗ ಕಾಂತರಾಜು ಆಗಲೇ ಬೈಕು ತೆಗೆದಿದ್ದ. “ಹತ್ತು ದೊಡ್ಡಪ್ಪ. ಹಿರಿಯ ನೀನೇ ತಾನೇ?”

ಗಿಡ್ಡಪ್ಪ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಗೊಣಗಿದ.

*

ವಾಯುಪಡೆ ಸೇರಿ ಮೊದಲ ಸಲ ರಜೆಗೆ ಬಂದಾಗ ತಮ್ಮಯ್ಯ ಜಗಲಿಯಲ್ಲಿ ಕೂತು ಕಣ್ಣರಳಿಸಿ ಹೇಳಿದ್ದ. ಹಿಮದ ಬೆಟ್ಟದಲ್ಲಿರುವ ಸೈನಿಕರಿಗೆ ವಿಮಾನದಲ್ಲಿ ಜೀವಂತ ಕುರಿ ಕಳಿಸುತ್ತಾರಂತೆ. ಇಂಜಿನ್ನಿನ ಸದ್ದಿಗೆ ಬೆದರಿ ಅವು ಒಳಗೆ ಕಾಲಿಡುವುದಿಲ್ಲವಂತೆ.

“ಮುಂದಾಳು ಟಗರನ್ನ ಎತ್ಕೊಂಡು ಒಳಕ್ಕೆ ನಡೆದೆ ಕಣಣ್ಣ. ಮಿಕ್ಕವೆಲ್ಲ ಹಿಂದೇನೇ ಬಂದ್ಬಿಟ್ವು!”

“ಕುರಿ ಕಾಯಾಕೆ ಅಷ್ಟು ದೂರ ಹೋಗ್ಬೇಕಿತ್ತೇನ್ಲಾ?” ಎಂದ ಗಿಡ್ಡಪ್ಪ.

ಜಗಲಿ ತುಂಬ ನಗು. ತಮ್ಮಯ್ಯನೂ ನಕ್ಕ. ಆದರೆ ಅಣ್ಣನ ಮುಂದೆ ವಿಮಾನದ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಅದೇ ಜಾತಿಯ ವಿಮಾನ ಕಡೂರಿಗೇ ಬಂದಾಗಲೂ ಬಾ ಎಂದು ಕರೆಯಲಿಲ್ಲ. ಕರೆಯದೆ ಹೋಗುವ ಜಾಯಮಾನ ಗಿಡ್ಡಪ್ಪನದೂ ಅಲ್ಲ.

*

ಪಾರ್ಕಿನ ಕಾವಲಿಗಿದ್ದ ಭೂಮಿಕಾಳಿಗೆ ಕಾಂತರಾಜು ಸುದ್ದಿ ಹೇಳಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಗಿಡ್ಡಪ್ಪನ ಕಡೆ ತಿರುಗಿದಳು.

“ನೀವು ಅವರ ಅಣ್ಣನಾ? ದಿನಾ ನಿಮ್ಮ ಮಾತೇ ಕಣ್ರೀ. ಬಂದ ಮಕ್ಕಳನ್ನೆಲ್ಲ ಕೂರಿಸ್ಕೊಂಡು, ಕುರಿ ಹತ್ತಿಸೋದನ್ನ ನಮ್ಮಣ್ಣ ಕಲ್ಸಿದ್ದ, ಅದರಿಂದ್ಲೇ ಮಿಲಿಟ್ರೀಲಿ ಮರ್ಯಾದೆ ಸಿಕ್ತು ಅನ್ನೋರು.”

ಗಿಡ್ಡಪ್ಪ ತೋಳಿನ ಮೇಲಿದ್ದ ಕಂಬಳಿಯನ್ನು ನೋಡಿದ. ಹೌದಲ್ಲ! ಚಿಕ್ಕಂದಿನಲ್ಲಿ, ಕುರಿಗಳು ನೀರಿಗಿಳಿಯುತ್ತಿಲ್ಲವೆಂದು ತುಂಬಿದ ಹಳ್ಳದ ದಡದಲ್ಲಿ ಅಳುತ್ತಾ ನಿಂತಿದ್ದ ತಮ್ಮನ ತೋಳಿಗೆ ಟಗರು ಕೊಟ್ಟು, ನಡಿ, ಮಿಕ್ಕವು ತಾವೇ ಬತ್ತವೆ ಅಂದವನು ತಾನೇ. ಅದನ್ನು ತಾನು ಮರೆತಿದ್ದ. ತಮ್ಮ ಮರೆತಿರಲಿಲ್ಲ. ಗಿಡ್ಡಪ್ಪನಿಗೆ ಆ ದಿನ ಮೊದಲ ಬಾರಿಗೆ ಅಳು ಬಂತು.

ವಿಮಾನದ ಮೂತಿ ಬಹಳ ಎತ್ತರದಲ್ಲಿತ್ತು. “ಕೆಳಗಿಂದ್ಲೇ ತೋರ್ಸು ದೊಡ್ಡಪ್ಪ, ಸಾಕು,” ಎಂದ ಕಾಂತರಾಜು.

“ಕೆಳಗಿಂದ ತೋರಿಸಿದ್ರೆ ಅದಕ್ಕೆ ಹೆಂಗೋ ಗೊತ್ತಾಗುತ್ತೆ? ಏಣಿ ತಗೊಂಬಾ.”

ಭೂಮಿಕಾ ಏಣಿ ಹಿಡಿದುಕೊಂಡಳು. ಗಿಡ್ಡಪ್ಪ ನೋಯುವ ಮಂಡಿಯನ್ನು ಬೈಯುತ್ತಾ, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹತ್ತಿದ. ಫೋಟೋ ತೆಗೆಸಿಕೊಳ್ಳುತ್ತಿದ್ದ ತರೀಕೆರೆ ಕಡೆಯ ಸಂಸಾರವೊಂದು ಏನೂ ತಿಳಿಯದೆ ಪಕ್ಕಕ್ಕೆ ಸರಿದು ನಿಂತಿತು. ಬಿಸಿಲಿಗೆ ಕಾದಿದ್ದ ಆ ಮೂತಿಗೆ ಗಿಡ್ಡಪ್ಪ ಕಂಬಳಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ.

ಹೊತ್ತು ಕಳೆಯಿತು. ಯಗಟಿಯಿಂದ ಫೋನು ಬಂತು.

“ಆಯ್ತಲ್ಲ, ಇಳಿ ದೊಡ್ಡಪ್ಪ. ಅಲ್ಲಿ ಎಲ್ಲರೂ ಕಾಯ್ತಾವ್ರೆ.”

“ತಡಿಯೋ,” ಎಂದ ಗಿಡ್ಡಪ್ಪ, ಕೈ ತೆಗೆಯದೆ. “ಇನ್ನೂ ಮೂಸ್ತಾ ಐತೆ.”